ಬೆಳೆ ಬಂದ ವರ್ಷದ ನಷ್ಟ



ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯ ಬೇಸಾಯಕ್ಕೆ ಸರ್ಕಾರದಿಂದ ಬರುವ ನೆರವಿನ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ಪೇಟೆಯ ಕಡೆ ಹೋದರೆ, ರೈತರಿಗೆ ಎಷ್ಟು ಕೊಟ್ಟರೂ ಸಾಲದು ಎಂಬ ಗೊಣಗಾಟ ಕೇಳುತ್ತೇವೆ. ಹಳ್ಳಿಯ ಕಡೆ ಬಂದರೆ, ಕೊಟ್ಟಿದ್ದು ಯಾರಿಗೆ, ಯಾವಾಗ ಎಂಬ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಣ ಬರುತ್ತಿದೆ, ಸುಳ್ಳಲ್ಲ. ಆದರೆ ಅದನ್ನು ಅಳೆದು ಕೊಡುವ ಅಳತೆಗೋಲು ಈ ಸೀಮೆಯ ಬೇಸಾಯಕ್ಕೆ ಒಗ್ಗುತ್ತಿಲ್ಲ. ಮಳೆ ಕೈಕೊಟ್ಟು ಬೆಳೆ ಹೋದರೆ ಏನು ಮಾಡಬೇಕೆಂದು ಸರ್ಕಾರಕ್ಕೆ ಒಂದಿಷ್ಟು ಗೊತ್ತಿದೆ. ಬೆಳೆ ಚೆನ್ನಾಗಿ ಬಂದು, ಬೆಲೆ ಬಿದ್ದು, ರೈತ ಬರಿಗೈಲಿ ಮನೆಗೆ ಬಂದರೆ ಏನು ಮಾಡಬೇಕೆಂಬುದಕ್ಕೆ ಅದರ ಹತ್ತಿರ ಲೆಕ್ಕವೇ ಇಲ್ಲ. ನಮ್ಮಲ್ಲಿ ಮನೆಗಳು ಮುರಿದದ್ದು ಹೆಚ್ಚಾಗಿ ಈ ಎರಡನೆಯ ಬಗೆಯಿಂದ.

ಮೊದಲು, ಬರುತ್ತಿರುವ ಹಣ ಯಾವುದು ನೋಡೋಣ. ಹಂಗಳದ ಕಡೆಯ ಮಳೆಯಾಶ್ರಿತ ರೈತನೊಬ್ಬನ ಬ್ಯಾಂಕ್ ಪಾಸ್‌ಪುಸ್ತಕ ತೆರೆದರೆ ವರ್ಷಕ್ಕೆ ಮೂರು ಸಲ 2,000 ರೂಪಾಯಿ ಕಾಣುತ್ತದೆ. ಅದು ಪಿಎಂ ಕಿಸಾನ್. 2019ರ ಫೆಬ್ರವರಿಯಲ್ಲಿ ಶುರುವಾಯಿತು, ವರ್ಷಕ್ಕೆ ಒಟ್ಟು 6,000. ಅದೇ ವರ್ಷ ರಾಜ್ಯ ಸರ್ಕಾರ ಎರಡು ಕಂತಿನಲ್ಲಿ 4,000 ಸೇರಿಸಿತು, 2023ರಲ್ಲಿ ನಿಲ್ಲಿಸಿತು. ಉಳಿದ ಆರು ಸಾವಿರ ಅಂದಿನಿಂದ ಅಲ್ಲೇ ನಿಂತಿದೆ. ಅದರ ಬೆಲೆ ನಿಂತಿಲ್ಲ. 2018-19ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 2,897 ರೂಪಾಯಿ. ಆರು ಸಾವಿರಕ್ಕೆ ಎರಡು ಕ್ವಿಂಟಲ್ ರಾಗಿ ಬರುತ್ತಿತ್ತು. 2025-26ರಲ್ಲಿ ಅದೇ ರಾಗಿಗೆ 4,886. ಈಗ ಆ ಹಣಕ್ಕೆ ಬರುವುದು ಒಂದೂಕಾಲು ಕ್ವಿಂಟಲ್ಲಿಗೂ ಸ್ವಲ್ಪ ಕಡಿಮೆ.

ಬರ ಬಿದ್ದ ವರ್ಷ ಇನ್ನೊಂದು ಸಾಲು ಸೇರುತ್ತದೆ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500, ಎರಡು ಹೆಕ್ಟೇರಿನ ಮಿತಿಗೆ ಒಳಪಟ್ಟು. ನಮ್ಮ ಎಕರೆ ಲೆಕ್ಕಕ್ಕೆ ಇಳಿಸಿದರೆ ಮಳೆಯಾಶ್ರಿತಕ್ಕೆ ಸುಮಾರು 3,440. ಇದನ್ನು ನಷ್ಟ ಪರಿಹಾರವೆಂದು ತಿಳಿಯಬಾರದು. ಮುಂದಿನ ಬಿತ್ತನೆಗೆ ಬೀಜ ಗೊಬ್ಬರಕ್ಕಾಗಲಿ ಎಂದು ಕೊಡುವ ಇನ್‌ಪುಟ್ ಸಬ್ಸಿಡಿ. ಮುಂದಿನ ಬಿತ್ತನೆಗೆ ಒದಗಬೇಕಾದ ಹಣ ಯಾವಾಗ ಬರುತ್ತದೆ ಎಂಬುದೇ ಇಲ್ಲಿ ಮುಖ್ಯ. 2023ರ ಮುಂಗಾರು ಕೈಕೊಟ್ಟಾಗ ಸೆಪ್ಟೆಂಬರ್‌ನಲ್ಲೇ ಬರ ಘೋಷಣೆ ಆಯಿತು. ಕೇಂದ್ರದ ಪಾಲು ಬಿಡುಗಡೆಯಾಗಿದ್ದು 2024ರ ಏಪ್ರಿಲ್ ಕೊನೆಗೆ, ಅದೂ ರಾಜ್ಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ. ನಡುವೆ ರಾಜ್ಯ ತನ್ನ ಕೈಯಿಂದ ಎರಡು ಸಾವಿರದವರೆಗೆ ಹಾಕಿತು. ಒಂದು ಹಂಗಾಮಿನ ಗಾಯಕ್ಕೆ ಮುಂದಿನ ಹಂಗಾಮು ಬಾಗಿಲಿಗೆ ಬಂದಾಗ ಔಷಧಿ.

ಇನ್ನು ಬೆಳೆ ವಿಮೆ. ಇದರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದರ ಮೂಲದಲ್ಲಿ ನಮ್ಮ ಮೈಸೂರು ಸೀಮೆಯ ಹೆಸರಿದೆ. ಮಳೆಯ ಕೊರತೆಯನ್ನು ಪ್ರದೇಶವಾರು ಅಳೆದು, ಆ ಪ್ರದೇಶದ ರೈತರಿಗೆಲ್ಲ ವಿಮೆ ಕೊಡಬೇಕೆಂಬ ಯೋಜನೆಯನ್ನು 1915ರ ಸುಮಾರಿಗೇ ಮೈಸೂರು ಸಂಸ್ಥಾನದ ಜೆ.ಎಸ್. ಚಕ್ರವರ್ತಿಯವರು ಮುಂದಿಟ್ಟರು, 1920ರಲ್ಲಿ ಅದನ್ನು ಪುಸ್ತಕವಾಗಿ ಬರೆದು ಪ್ರಕಟಿಸಿದರು. ಆಗ ಗುಂಡ್ಲುಪೇಟೆಯೂ ಚಾಮರಾಜನಗರವೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಒಬ್ಬೊಬ್ಬನ ಹೊಲಕ್ಕೂ ಹೋಗಿ ನಷ್ಟ ಅಳೆಯುವುದು ಆಗದ ಮಾತು, ಪ್ರದೇಶವನ್ನು ಅಳೆಯಿರಿ ಎಂದ ಅವರ ತರ್ಕವೇ ಇಂದಿಗೂ ನಡೆದಿದೆ. 1985ರ ಯೋಜನೆ, 1999ರದು, 2016ರ ಪ್ರಧಾನ ಮಂತ್ರಿ ಫಸಲ್ ಬಿಮಾ, ಎಲ್ಲಕ್ಕೂ ತಳಹದಿ ಅದೇ.

ಇಂದು ಆ ಅಳತೆ ಹೇಗೆ ನಡೆಯುತ್ತದೆ? ರಾಗಿ ಹೊಲವೊಂದನ್ನು ನೆನೆಸಿಕೊಳ್ಳಿ. ಆ ಪಂಚಾಯಿತಿಯಲ್ಲಿ ಕಟಾವು ಪ್ರಯೋಗಕ್ಕೆ ಆ ಸರ್ವೆ ನಂಬರು ಬಿದ್ದಿದೆ. ಹೊಲದ ಮೂಲೆಯಿಂದ ಇಂತಿಷ್ಟು ಹೆಜ್ಜೆ ಉದ್ದಕ್ಕೆ, ಇಂತಿಷ್ಟು ಅಡ್ಡಕ್ಕೆ ನಡೆದು ಗೂಟ ಹೊಡೆಯುತ್ತಾರೆ. ಹಗ್ಗ ಎಳೆದು ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಮಾಡುತ್ತಾರೆ. ಹಗ್ಗದ ಒಳಗಿನ ತೆನೆ ಕೊಯ್ದು, ಬಡಿದು, ತೂರಿ, ತಕ್ಕಡಿಗೆ ಹಾಕುತ್ತಾರೆ. ಮೊಬೈಲಿನಲ್ಲಿ ಫೋಟೊ, ತೂಕ, ಜಾಗ ಎಲ್ಲ ದಾಖಲಾಗುತ್ತದೆ. ಆ ಚೌಕ 25 ಚದರ ಮೀಟರ್. ಅಲ್ಲಿ ಸಿಕ್ಕ ಒಂದು ಕಿಲೋ ರಾಗಿ ಎಂದರೆ ಹೆಕ್ಟೇರಿಗೆ ನಾಲ್ಕು ಕ್ವಿಂಟಲ್ ಲೆಕ್ಕ. ಒಂದು ಪಂಚಾಯಿತಿಗೆ, ಒಂದು ಮುಖ್ಯ ಬೆಳೆಗೆ ಇಂಥ ನಾಲ್ಕು ಚೌಕ. ನಾಲ್ಕೂ ಸೇರಿದರೆ ನೂರು ಚದರ ಮೀಟರ್, ಒಂದು ಗುಂಟೆಯಷ್ಟೇ. ಆ ಒಂದು ಗುಂಟೆಯ ತೂಕ ಪಂಚಾಯಿತಿಯ ಎಲ್ಲ ರಾಗಿ ಬೆಳೆಗಾರರ ಹಣೆಬರಹ ಬರೆಯುತ್ತದೆ. ಅದರಲ್ಲಿ ತೂರುವಾಗ ಒಂದು ಬೊಗಸೆ ಹೆಚ್ಚುಕಡಿಮೆಯಾದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ.

ನಾನು ಈ ಪದ್ಧತಿಯನ್ನು ಹೀಗಳೆಯುತ್ತಿಲ್ಲ. ಮುಂಗಾರಿಗೆ ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5, ಇಷ್ಟೇ ರೈತ ಕಟ್ಟುವುದು. ಉಳಿದದ್ದು ಸರ್ಕಾರಗಳ ಪಾಲು. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದರ ಸರಾಸರಿ ತೆಗೆದು, ಅದರ ಶೇಕಡಾ 70, 80 ಅಥವಾ 90ನ್ನು ಹೊಸ್ತಿಲಾಗಿ ಇಟ್ಟು, ಈ ವರ್ಷದ ಇಳುವರಿ ಅದಕ್ಕಿಂತ ಎಷ್ಟು ಕೆಳಗಿಳಿಯಿತೋ ಅಷ್ಟು ಪಾಲು ಪರಿಹಾರ ಕೊಡುತ್ತಾರೆ. ಹೊಸ್ತಿಲು ಹೆಕ್ಟೇರಿಗೆ 12 ಕ್ವಿಂಟಲ್ ಇದ್ದು 9 ಬಂದರೆ, ವಿಮಾ ಮೊತ್ತದ ಕಾಲು ಭಾಗ. ಲೆಕ್ಕ ನ್ಯಾಯವಾಗಿದೆ. ಆದರೆ ಇಡೀ ಲೆಕ್ಕದಲ್ಲಿ ತಕ್ಕಡಿ ಇದೆ, ಮಂಡಿ ಇಲ್ಲ. ಒಂಬತ್ತು ಕ್ವಿಂಟಲ್ ಏನು ಬೆಲೆಗೆ ಹೋಯಿತೆಂದು ಅದು ಕೇಳುವುದಿಲ್ಲ.

ಹೊಸ್ತಿಲಿನ ಜೊತೆ ಕ್ಯಾಲೆಂಡರ್ ಬೇರೆ. ಗುಂಡ್ಲುಪೇಟೆಯ ಕಡೆ ಭರಣಿ ಮಳೆ ಬಿದ್ದೊಡನೆ, ಏಪ್ರಿಲ್ ಕೊನೆ, ಮೇ ಹೊತ್ತಿಗೆ ಸೂರ್ಯಕಾಂತಿ, ಜೋಳ, ಹತ್ತಿ ಬಿತ್ತುತ್ತಾರೆ. ಜುಲೈನಲ್ಲಿ ಸೂರ್ಯಕಾಂತಿ ಹೂ ನೋಡಲು ಊಟಿ ರಸ್ತೆಯಲ್ಲಿ ಕಾರು ನಿಲ್ಲಿಸುವವರಿಗೆ ಇದು ಗೊತ್ತು. ರಾಜ್ಯದ ಮಿಕ್ಕ ಕಡೆ ಮುಂಗಾರು ಜೂನಿನಲ್ಲಿ ಶುರು, ಮುಂಗಾರು ವಿಮೆಯ ನೋಂದಣಿಯೂ ಆ ಲೆಕ್ಕಕ್ಕೇ ತೆರೆಯುತ್ತದೆ. ನಮ್ಮ ರೈತ ಕಾಮನ್ ಸರ್ವಿಸ್ ಸೆಂಟರಿನ ಮುಂದೆ ಪಹಣಿ ಹಿಡಿದು ನಿಲ್ಲುವ ಹೊತ್ತಿಗೆ ಅವನ ಬೆಳೆ ಮೊಣಕಾಲು ದಾಟಿರುತ್ತದೆ. ಮೊಳಕೆಯಲ್ಲೇ ಕಮರಿದ ಪೈರಿಗೆ ವಿಮೆ ಇಲ್ಲ.

ಈಗ ಬೆಲೆಯ ಮಾತಿಗೆ ಬರೋಣ.

ಕೇಂದ್ರ ಸರ್ಕಾರ 22 ಬೆಳೆಗೆ ಬೆಂಬಲ ಬೆಲೆ ಗೊತ್ತುಮಾಡುತ್ತದೆ. ಕಬ್ಬಿಗೆ ಬೇರೆ ಏರ್ಪಾಡು. ನಮ್ಮ ಬೆಳೆಗಳಲ್ಲಿ ರಾಗಿ, ಜೋಳ, ಸೂರ್ಯಕಾಂತಿ, ಹತ್ತಿ, ನೆಲಗಡಲೆ ಆ ಪಟ್ಟಿಯಲ್ಲಿವೆ. ಅರಿಶಿನ ಇಲ್ಲ. ಸಣ್ಣ ಈರುಳ್ಳಿ ಇಲ್ಲ. ಟೊಮೆಟೊ, ಕೋಸು, ಬೀಟ್‌ರೂಟ್, ಬೆಳ್ಳುಳ್ಳಿ, ಬಾಳೆ, ಚೆಂಡು ಹೂ ಯಾವುದೂ ಇಲ್ಲ. ಸಾಲ ಮಾಡಿ, ಕೊಳವೆ ಬಾವಿ ಕೊರೆಸಿ, ಕೈಯಲ್ಲಿದ್ದ ಹಣವನ್ನೆಲ್ಲ ಸುರಿದು ಬೆಳೆಯುವ ಬೆಳೆಗಳು ಇವೇ. ಖರ್ಚು ಹೆಚ್ಚಾದಷ್ಟೂ ಸರ್ಕಾರದ ಆಸರೆ ದೂರ.

ಅರಿಶಿನದ ಕಥೆ ಇಲ್ಲಿ ಕೂತಿರುವ ನಡುವಯಸ್ಸಿನವರಿಗೆಲ್ಲ ನೆನಪಿದೆ. 2010ರ ಕೊನೆಗೆ ಈರೋಡ್ ಮಾರುಕಟ್ಟೆಯಲ್ಲಿ ಕ್ವಿಂಟಲ್ 15 ಸಾವಿರ ದಾಟಿತು. ಚಾಮರಾಜನಗರ ಸೀಮೆಯಲ್ಲಿ ಅರಿಶಿನ ಮಾರಿದ ದುಡ್ಡಿನಲ್ಲಿ ಮನೆ ಕಟ್ಟಿದವರಿದ್ದಾರೆ, ಮದುವೆ ಮಾಡಿದವರಿದ್ದಾರೆ. ಆ ಬೆಲೆ ಕಂಡು ಮರುವರ್ಷ ಎಲ್ಲರೂ ಅರಿಶಿನ ಇಟ್ಟರು. ಇಲ್ಲಿ, ಈರೋಡಿನಲ್ಲಿ, ನಿಜಾಮಾಬಾದಿನಲ್ಲಿ. ಎಂಟು ಒಂಬತ್ತು ತಿಂಗಳ ಬೆಳೆ. ಕಿತ್ತು, ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿಸಿ 2012ರಲ್ಲಿ ಮಾರುಕಟ್ಟೆಗೆ ಹೋದಾಗ 5 ಸಾವಿರಕ್ಕೂ ಕೆಳಗೆ ಬಿದ್ದಿತ್ತು. ಆ ವರ್ಷ ಇಳುವರಿಗೆ ಏನೂ ಆಗಿರಲಿಲ್ಲ. ಯಾವ ಕಟಾವು ಪ್ರಯೋಗವೂ ಅಲ್ಲಿ ನಷ್ಟವನ್ನು ಕಾಣುತ್ತಿರಲಿಲ್ಲ. ರಾಷ್ಟ್ರೀಯ ಅರಿಶಿನ ಮಂಡಳಿ ಬಂದದ್ದು 2025ರ ಜನವರಿಯಲ್ಲಿ, ನಿಜಾಮಾಬಾದಿನಲ್ಲಿ. ಬಂದದ್ದು ಸಂತೋಷವೇ. ಆದರೆ ಬೆಲೆ ಬಿದ್ದ ವರ್ಷ ರೈತನ ಕೈಗೆ ಹಣ ಕೊಡುವ ಹೊಣೆ ಅದರದಲ್ಲ.

ಟೊಮೆಟೊ ಇನ್ನೂ ಆತುರದ ಬೆಳೆ. ಲೆಕ್ಕಕ್ಕೆ ಎಕರೆಗೆ 15 ಟನ್ ಬಂತೆನ್ನೋಣ. ಕಿಲೋಗೆ 12 ರೂಪಾಯಿ ಸಿಕ್ಕರೆ 1,80,000. ಮೂರು ರೂಪಾಯಿ ಸಿಕ್ಕರೆ 45,000. ಅದರಲ್ಲಿ ಕೀಳುವ ಕೂಲಿ, ಕ್ರೇಟಿನ ಬಾಡಿಗೆ, ತೆರಕಣಾಂಬಿಯ ಮಾರುಕಟ್ಟೆಗೆ ಸಾಗಿಸುವ ಗಾಡಿ ಬಾಡಿಗೆ, ಕಮಿಷನ್ ಕಳೆಯಿರಿ. ಗಿಡ, ಗೂಟ, ದಾರ, ಔಷಧಿಗೆ ಹಾಕಿದ್ದು ಆಮೇಲಿನ ಮಾತು. ತಕ್ಕಡಿಯ ಲೆಕ್ಕದಲ್ಲಿ ಎರಡೂ ವರ್ಷ ಒಂದೇ, ಹದಿನೈದು ಟನ್. ಬೆಲೆ ಇಳಿದದ್ದಕ್ಕೆ ರೈತ ಕಾರಣನಲ್ಲ. ನಮ್ಮ ತರಕಾರಿಗೆ ಕೇರಳ, ನೀಲಗಿರಿ, ಮೇಟುಪಾಳ್ಯಂ ದೊಡ್ಡ ಗಿರಾಕಿ. ಅಲ್ಲಿ ಒಂದು ವಾರ ಮಳೆ ಹಿಡಿದರೆ ಇಲ್ಲಿ ಹರಾಜು ನಿಲ್ಲುತ್ತದೆ. ಅಲ್ಲಿಗೆ ಹೋಗುವ ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಸಂಚಾರ ನಿಷೇಧವಿದೆ. ಕಾಡಿಗೆ ಅದು ಬೇಕಾದ ಕ್ರಮ, ನಾನು ಅದರ ಪರ. ಆದರೆ ಕಾಡು ಉಳಿಸುವುದರ ಖರ್ಚಿನ ಒಂದು ಪಾಲು ಕಾಡಂಚಿನ ತರಕಾರಿ ರೈತನ ಬೆಲೆಯಲ್ಲಿ ಕಳೆದುಹೋಗುತ್ತದೆ ಎಂಬುದನ್ನೂ ನಾವು ಒಪ್ಪಿಕೊಳ್ಳಬೇಕು.

ರೈತ ಸಂಘ ಹುಟ್ಟಿದ 1980ರಿಂದಲೂ ವೈಜ್ಞಾನಿಕ ಬೆಲೆ ಎಂಬ ಕೂಗು ಈ ನಾಡಿನಲ್ಲಿದೆ. ಆ ಸಂಘದ ನಾಯಕರಾಗಿದ್ದ ಪ್ರೊ. ನಂಜುಂಡಸ್ವಾಮಿಯವರ ಅಮೃತಭೂಮಿ ಕೇಂದ್ರ ನಮ್ಮ ಜಿಲ್ಲೆಯ ಹೊಂಡರಬಾಳಿನಲ್ಲೇ ಇದೆ. ಆ ಕೂಗನ್ನು ನಾನು ಗೌರವಿಸುತ್ತೇನೆ. ಆದರೆ ಮೂರು ದಿನದಲ್ಲಿ ಕೊಳೆಯುವ ಟೊಮೆಟೊವನ್ನು ಗೊತ್ತಾದ ಬೆಲೆಗೆ ಕೊಂಡು ಗೋದಾಮಿಗೆ ಹಾಕಲು ಯಾವ ಸರ್ಕಾರದಿಂದಲೂ ಆಗದು. ಕೊಳ್ಳದೆಯೂ ರೈತನನ್ನು ಕಾಯುವ ದಾರಿ ಬೇಕು. ಆ ದಾರಿ ಇದೆಯೇ?

ಅಮೆರಿಕದಲ್ಲಿ ಒಂದು ಏರ್ಪಾಡಿದೆ. 2014ರ ಕೃಷಿ ಕಾನೂನಿನಲ್ಲಿ ಬಂದದ್ದು. ಅಲ್ಲಿನ ಕೌಂಟಿ ಎಂಬ ಆಡಳಿತ ಘಟಕ ನಮ್ಮ ತಾಲ್ಲೂಕು, ಜಿಲ್ಲೆಗಳಂತೆ. ಒಂದು ಕೌಂಟಿಯಲ್ಲಿ ಒಂದು ಬೆಳೆಯ ಐದು ವರ್ಷದ ಇಳುವರಿ ತೆಗೆದುಕೊಳ್ಳುತ್ತಾರೆ, ಅತಿ ಹೆಚ್ಚು ಅತಿ ಕಡಿಮೆ ಬಿಟ್ಟು ಸರಾಸರಿ ಮಾಡುತ್ತಾರೆ. ಬೆಲೆಗೂ ಹಾಗೇ. ಎರಡನ್ನೂ ಗುಣಿಸಿದರೆ ಎಕರೆಗೆ ಬರಬೇಕಾದ ಹುಟ್ಟುವಳಿ. ಈ ವರ್ಷದ ಹುಟ್ಟುವಳಿ ಅದರ ಶೇಕಡಾ 86ಕ್ಕಿಂತ ಕೆಳಗೆ ಹೋದರೆ ಸರ್ಕಾರ ಅಂತರ ತುಂಬುತ್ತಿತ್ತು, ಹೆಚ್ಚೆಂದರೆ ಶೇಕಡಾ ಹತ್ತರವರೆಗೆ. 2025ರ ಕಾನೂನು ಈ ಅಂಕಿಗಳನ್ನು 90 ಮತ್ತು 12ಕ್ಕೆ ಏರಿಸಿತು. ಮಳೆಯಿಂದ ಹೋಯಿತೋ ಮಂಡಿಯಿಂದ ಹೋಯಿತೋ ಎಂದು ಕೇಳುವುದಿಲ್ಲ. ಕೈಗೆ ಬಂದದ್ದೆಷ್ಟು ಎಂದು ಕೇಳುತ್ತದೆ.

ಅದನ್ನು ಹಾಗೆಯೇ ತರಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿ ಜೋಳ, ಸೋಯಾ, ಗೋಧಿಯಂಥ ಬೆಳೆಗಳಿಗೇ ಈ ಭಾಗ್ಯ, ತರಕಾರಿಗೆ ಇಲ್ಲ. ಹಳೆಯ ದಾಖಲೆಯ ಎಕರೆಗಳಿಗೆ ಕೊಡುವುದರಿಂದ ಹೆಚ್ಚು ಭೂಮಿ ಇದ್ದವರಿಗೆ ಹೆಚ್ಚು ಹಣ. ಆದರೆ ಅಳತೆಗೋಲು ಸರಿ. ನಮ್ಮ ದೇಶವೂ ಅದನ್ನು ಒಮ್ಮೆ ಮುಟ್ಟಿ ನೋಡಿದೆ. 2003-04ರ ಹಿಂಗಾರಿನಲ್ಲಿ ಕೃಷಿ ಆದಾಯ ವಿಮೆ ಎಂದು ಗೋಧಿ, ಭತ್ತಕ್ಕೆ ಕೆಲವು ಜಿಲ್ಲೆಗಳಲ್ಲಿ ಪ್ರಯೋಗ ನಡೆಯಿತು. 2004ರಲ್ಲಿ ಸರ್ಕಾರ ಬದಲಾಯಿತು, ಪ್ರಯೋಗ ನಿಂತಿತು. ಬೆಂಬಲ ಬೆಲೆಯ ಆಸರೆ ಮೊದಲೇ ಇದ್ದ ಗೋಧಿ, ಭತ್ತದ ಮೇಲೆ ಅದನ್ನು ಮಾಡಿದ್ದೇ ತಪ್ಪೆಂದು ನನಗೆ ಅನಿಸುತ್ತದೆ. ಅರಿಶಿನದಂಥ ಬೆಳೆಯ ಮೇಲೆ ಮಾಡಬೇಕಿತ್ತು.

ಬೆಲೆಯ ಅಂತರವನ್ನಷ್ಟೇ ತುಂಬುವ ಯತ್ನಗಳೂ ಆಗಿವೆ. 2017ರಲ್ಲಿ ಮಧ್ಯಪ್ರದೇಶ ಭಾವಾಂತರ ಯೋಜನೆ ತಂದಿತು. ಹೇಗೂ ಸರ್ಕಾರ ತುಂಬಿಕೊಡುತ್ತದೆಂದು ವ್ಯಾಪಾರಿಗಳು ಮಂಡಿಯಲ್ಲಿ ಬೆಲೆ ಇಳಿಸಿದರೆಂಬ ದೂರು ಎಲ್ಲ ಕಡೆಯಿಂದ ಬಂತು. ಅದು ಪಾಠ. ನಮ್ಮಲ್ಲೇ 2025ರ ಬೇಸಿಗೆಯಲ್ಲಿ ತೋತಾಪುರಿ ಮಾವಿನ ಬೆಲೆ ಬಿದ್ದಾಗ ಕೇಂದ್ರ, ರಾಜ್ಯ ಅರ್ಧರ್ಧ ಹೊತ್ತು, ಎರಡೂವರೆ ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ಕೊಡಲು ಒಪ್ಪಿದವು. ಹಣ್ಣು ಕೊಳ್ಳಲಿಲ್ಲ, ಗೋದಾಮು ಕಟ್ಟಲಿಲ್ಲ. ಕೊಳೆಯುವ ಬೆಳೆಗೂ ಇದು ಸಾಧ್ಯ ಎಂದು ಆ ವರ್ಷ ತೋರಿತು. ಕೋಲಾರ, ರಾಮನಗರದ ಮಾವಿಗೆ ಆದದ್ದು ತೆರಕಣಾಂಬಿಯ ಟೊಮೆಟೊಗೆ ಯಾಕೆ ಆಗಬಾರದು?

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಹಣ ಎಷ್ಟು ಎಂಬುದರ ಜೊತೆಗೆ ಯಾರ ಖಾತೆಗೆ ಎಂಬುದೂ ಇದೆ. ಪಿಎಂ ಕಿಸಾನ್, ಬರ ಪರಿಹಾರ, ಎಲ್ಲಕ್ಕೂ ಪಹಣಿಯೇ ಆಧಾರ. ಫ್ರೂಟ್ಸ್ ಎಂಬ ರೈತ ನೋಂದಣಿಯ ನಂಬರು ಬೇಕು, ಅದಕ್ಕೆ ಆಧಾರ್ ಜೋಡಣೆ ಆಗಿರಬೇಕು, ಪಹಣಿಯ ಒಂಬತ್ತನೇ ಕಾಲಂನಲ್ಲಿ ಹೆಸರಿರಬೇಕು. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಗಿರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ. ಅಣ್ಣತಮ್ಮಂದಿರ ಜಂಟಿ ಖಾತೆ, ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಊರಲ್ಲಿ. ಗಂಡ ಸತ್ತ ಹೆಣ್ಣುಮಗಳು ಮಾವನ ಹೆಸರಿನ ಹೊಲವನ್ನು ಉಳುತ್ತಾಳೆ. ಇವರ ಹೊಲಕ್ಕೆ ಬರ ಬೀಳುತ್ತದೆ, ಖಾತೆಗೆ ಪರಿಹಾರ ಬೀಳುವುದಿಲ್ಲ.

ಗುತ್ತಿಗೆಯವರ ಪಾಡು ಇನ್ನೂ ಕಷ್ಟ. 1974ರ ಭೂಸುಧಾರಣೆ ಉಳುವವನಿಗೆ ನೆಲ ಕೊಟ್ಟಿತು; ಅದು ಈ ನಾಡು ಮಾಡಿದ ದೊಡ್ಡ ಕೆಲಸ. ಜೊತೆಗೇ ಗೇಣಿ ಪದ್ಧತಿಯನ್ನು ನಿಷೇಧಿಸಿತು. ನಿಷೇಧವಾದರೂ ಗೇಣಿ ನಿಲ್ಲಲಿಲ್ಲ, ಕಾಗದದಿಂದ ಮಾತಿಗೆ ಇಳಿಯಿತು. ಇಂದು ನಮ್ಮಲ್ಲಿ ಶುಂಠಿ, ಬಾಳೆಗೆ ಕೇರಳದವರು ಗುತ್ತಿಗೆ ಹಿಡಿಯುತ್ತಾರೆ. ಭೂಮಿಯಿಲ್ಲದ ನಮ್ಮವರೇ ವಾರಕ್ಕೆ ಮಾಡುತ್ತಾರೆ. ಬಾಯಿ ಮಾತಿನ ಕರಾರು. ಬೆಳೆ ಹೋದರೆ ನಷ್ಟ ಬೇಸಾಯ ಮಾಡಿದವನಿಗೆ, ಪರಿಹಾರ ಪಹಣಿದಾರನಿಗೆ.

ಉಚಿತ ವಿದ್ಯುತ್ತೂ ನೆರವೇ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಬಿಲ್ಲಿಲ್ಲ. ಅದು ಪಂಪು ಇದ್ದವನಿಗೆ. ಹುರುಳಿ ಬೆಳೆಯುವವನಿಗೆ ಅದರಲ್ಲಿ ಪಾಲಿಲ್ಲ. ಗುಂಡ್ಲುಪೇಟೆಯ ಅಂತರ್ಜಲ ಅತಿ ಬಳಕೆಯ ಪಟ್ಟಿಯಲ್ಲಿದೆ; ಕಬಿನಿಯಿಂದ ಆಲಂಬೂರು ಏತದಲ್ಲಿ ನೀರೆತ್ತಿ ಕೆರೆ ತುಂಬಿಸಬೇಕಾಗಿ ಬಂದಿದೆ. ಒಂದು ಕೈ ನೀರು ತುಂಬುತ್ತದೆ, ಇನ್ನೊಂದು ಕೈ ನೀರು ಎಳೆಯಲು ದುಡ್ಡು ಕೊಡುತ್ತದೆ.

ಇವೆಲ್ಲದರ ನಡುವೆ ಸದ್ದಿಲ್ಲದೆ ಸರಿಯಾಗಿ ನಡೆದಿರುವ ನೆರವೊಂದಿದೆ. ಡೇರಿಗೆ ಹಾಲು ಹಾಕುವವರಿಗೆ ಲೀಟರಿಗೆ ಕೊಡುವ ಪ್ರೋತ್ಸಾಹಧನ. 2008ರಲ್ಲಿ ಎರಡು ರೂಪಾಯಿಯಿಂದ ಶುರುವಾಗಿ ಐದಕ್ಕೆ ಬಂದಿದೆ. ಅದಕ್ಕೆ ಪಹಣಿ ಬೇಡ. ಹಸು ಕಟ್ಟಿದವರು ಯಾರು, ಹಾಲು ಹಾಕಿದವರು ಯಾರು, ಅಷ್ಟೇ ಸಾಕು. ತುಂಡು ನೆಲವಿಲ್ಲದ ಹೆಣ್ಣುಮಗಳೂ ಬೆಳಗ್ಗೆ ಸಂಘದ ಮುಂದೆ ಕ್ಯಾನು ಹಿಡಿದು ನಿಂತರೆ ಅವಳ ಹೆಸರಿಗೇ ಲೆಕ್ಕ ಬರೆಯುತ್ತಾರೆ. ತಡವಾಗುತ್ತದೆ ಎಂಬ ದೂರು ಇದೆ, ನಿಜ. ಆದರೆ ದುಡಿದವರಿಗೆ ತಲುಪುವ ನೆರವು ಸಾಧ್ಯವೇ ಇಲ್ಲ ಎನ್ನುವವರಿಗೆ ನಾನು ಈ ಡೇರಿಗಳನ್ನು ತೋರಿಸುತ್ತೇನೆ.

ಹಾಗಾದರೆ ಏನು ಮಾಡಬಹುದು? ಚಾಮರಾಜನಗರ ತಾಲ್ಲೂಕಿನ ಅರಿಶಿನ, ತೆರಕಣಾಂಬಿ ಹೋಬಳಿಯ ಟೊಮೆಟೊ, ಬೇಗೂರು ಹೋಬಳಿಯ ಸಣ್ಣ ಈರುಳ್ಳಿ, ಹುಟ್ಟುವಳಿ ಅಳೆಯುವ ವಿಮೆಯನ್ನು ಇಷ್ಟರಿಂದ ಶುರುಮಾಡಿ. ಬೆಳೆ ಸಮೀಕ್ಷೆ ಆಪ್‌ನಲ್ಲಿ ಯಾವ ಸರ್ವೆ ನಂಬರಿನಲ್ಲಿ ಏನಿದೆ ಎಂಬುದು ಪ್ರತಿ ಹಂಗಾಮಿಗೂ ದಾಖಲಾಗುತ್ತಿದೆ. ಇಳುವರಿಗೆ ಕಟಾವು ಪ್ರಯೋಗದ ಪದ್ಧತಿ ಇದೆ. ಬೆಲೆಯನ್ನು ಒಂದೇ ಮಂಡಿಯಿಂದ ತೆಗೆದುಕೊಳ್ಳಬೇಡಿ. ಮೈಸೂರು, ಈರೋಡ್, ಮೇಟುಪಾಳ್ಯಂ ಸೇರಿಸಿ ಸರಾಸರಿ ಮಾಡಿ. ಆಗ ಒಂದು ಊರಿನ ನಾಲ್ಕು ವ್ಯಾಪಾರಿಗಳು ಸೇರಿ ಬೆಲೆ ಇಳಿಸಿದರೂ ಲೆಕ್ಕ ಕದಲುವುದಿಲ್ಲ. ಹೊಲದ ಬದುವಿನಲ್ಲೇ ಕೇರಳದ ಲಾರಿಗೆ ಮಾರುವ ರೈತನೂ ಬಿಟ್ಟುಹೋಗುವುದಿಲ್ಲ, ಯಾಕೆಂದರೆ ಅವನ ರಸೀದಿ ಬೇಕಿಲ್ಲ, ಹೋಬಳಿಯ ಹುಟ್ಟುವಳಿ ಸಾಕು. ಒಬ್ಬರಿಗೆ ಎರಡು ಎಕರೆಯ ಮಿತಿ ಹಾಕಿ. ರೈತನೂ ಶೇಕಡಾ ಐದು ಕಟ್ಟಲಿ. ಕಟ್ಟಿದವನಿಗೆ ಕೇಳುವ ಅಧಿಕಾರವಿರುತ್ತದೆ. ಗುತ್ತಿಗೆಯವನಿಗೆ ಭೂಮಿಯ ಮೇಲೆ ಯಾವ ಹಕ್ಕೂ ಹುಟ್ಟದ, ಒಂದು ಹಂಗಾಮಿಗೆ ಮಾತ್ರ ಸಲ್ಲುವ ಚೀಟಿಯನ್ನು ಪಂಚಾಯಿತಿ ಕೊಡಲಿ. ಭೂಮಾಲೀಕನ ಭಯ ಹೋಗದೆ ಈ ಚೀಟಿ ಹುಟ್ಟುವುದಿಲ್ಲ, ಅದಕ್ಕೆ ಕಾನೂನಿನಲ್ಲೇ ಒಂದು ಸಾಲು ಬೇಕು.

ಪಂಚಾಯಿತಿ ಎಂದರೆ ನೆನಪಾಗುವವರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್. ಅವರು ಹುಟ್ಟಿದ್ದು ಈ ಗುಂಡ್ಲುಪೇಟೆಯಲ್ಲಿ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊಟ್ಟದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದರು. ನೀರಿನಷ್ಟೇ ದೊಡ್ಡದು ಅವರು ಪಂಚಾಯಿತಿಗಳಿಗೆ ಕೊಟ್ಟ ಅಧಿಕಾರ. ಬೆಳೆ ವಿಮೆಗೆ ಇಂದು ಪಂಚಾಯಿತಿಯೇ ಘಟಕ. ಆದರೆ ಹೊಸ್ತಿಲು ಇಳುವರಿ ಎಷ್ಟು, ಈ ವರ್ಷದ ನಾಲ್ಕು ಚೌಕದ ತೂಕ ಎಷ್ಟೆಂದು ನಿಮ್ಮ ಪಂಚಾಯಿತಿಯ ಗೋಡೆಯ ಮೇಲೆ ಬರೆದದ್ದನ್ನು ಎಷ್ಟು ಜನ ನೋಡಿದ್ದೀರಿ? ಇದಕ್ಕೆ ಹೊಸ ಕಾನೂನು ಬೇಡ, ಬಜೆಟ್ ಬೇಡ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಅಂಕಿಗಳನ್ನು ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಮುಂಗಾರು ವಿಮೆಯ ನೋಂದಣಿ ಏಪ್ರಿಲ್‌ನಲ್ಲೇ ತೆರೆಯಬೇಕೆಂಬ ನಿರ್ಣಯವನ್ನೂ ಅದೇ ದಿನ ಮಾಡಿ, ಜಿಲ್ಲಾಧಿಕಾರಿಗಳಿಗೂ ಕೃಷಿ ಇಲಾಖೆಯ ಜಂಟಿ ನಿರ್ದೇಶಕರಿಗೂ ಕಳಿಸಿ. ಹಂಗಳ, ಬೇಗೂರು, ತೆರಕಣಾಂಬಿ, ಹರವೆ, ಸಂತೇಮರಹಳ್ಳಿಗಳ ಎಲ್ಲ ಪಂಚಾಯಿತಿಗಳಿಂದ ಒಂದೇ ತಿಂಗಳಲ್ಲಿ ಆ ನಿರ್ಣಯ ಹೋದರೆ ಉತ್ತರ ಕೊಡದೆ ಇರಲು ಯಾರಿಗೂ ಆಗುವುದಿಲ್ಲ.